ಪ್ರತಿಕ್ರಿಯೆ: ಬ್ಲೆನಿಮ್ ಅರಮನೆಯಲ್ಲಿ ಕೆರೆ ಮೊದಲೋ, ಕಾರಂಜಿ ತೋಟ ಮೊದಲೋ?

ಕೆರೆಯೇ ಮೊದಲು. ಇಂಗ್ಲೆಂಡಿನ ಈ ಅರಮನೆಯಲ್ಲಿ ಕಾರಂಜಿಗಳಿರುವ ತೋಟವಾದ ವಾಟರ್ ಟೆರೇಸನ್ನು ನೀವು 18ನೇ ಶತಮಾನದ್ದು ಅಂದುಕೊಂಡಿದ್ದೀರಿ. ಗೊಂದಲ ಬಹುಶಃ ಅಲ್ಲೇ. ಅದು 1920ರ ದಶಕದ ಕೆಲಸ. ಅರಮನೆಯ ಒಡೆಯನಾಗಿದ್ದ 9ನೇ ಡ್ಯೂಕ್‌ಗಾಗಿ ಫ್ರಾನ್ಸಿನ ಉದ್ಯಾನ ವಿನ್ಯಾಸಕ ಅಶಿಲ್ ದುಶೇನ್ ಮಾಡಿದ್ದು. ಬೇಕಂತಲೇ ಹಳೇ ಶೈಲಿಯಲ್ಲಿ ಕಟ್ಟಿದ್ದಾರೆ, ಹಾಗಾಗಿ ಯಾರಾದರೂ ಮೋಸ ಹೋಗುತ್ತಾರೆ. 'ಬ್ರೌನ್ (18ನೇ ಶತಮಾನದ ಉದ್ಯಾನ ವಿನ್ಯಾಸಕ) ಹಳೇ ತೋಟ ಅಳಿಸಿಹಾಕಿದ' ಅಂದ ನಿಮ್ಮ ಗೈಡ್ ಮಾತು ಸುಳ್ಳಲ್ಲ; ಅವನು ಅಳಿಸಿದ್ದು ಬೇರೆ ತೋಟ.

ಮುಂದಿನ ಸಲ ಹೋದಾಗ ಮೊದಲು ಸೇತುವೆ ನೋಡಿ. ಅರಮನೆಯ ವಾಸ್ತುಶಿಲ್ಪಿ ವ್ಯಾನ್‌ಬ್ರೂ ಅದನ್ನು ಕಟ್ಟಿಸಿದಾಗ ಕೆಳಗೆ ಹರಿಯುತ್ತಿದ್ದುದು ಗ್ಲೈಮ್ ಎಂಬ ಸಣ್ಣ ಹೊಳೆ. ಅಷ್ಟು ನೀರಿಗೆ ಇಷ್ಟು ದೊಡ್ಡ ಸೇತುವೆ, ಒಳಗೆ ಕೋಣೆಗಳು ಬೇರೆ! 1764ರ ನಂತರ ಕೇಪಬಿಲಿಟಿ ಬ್ರೌನ್ ಹೊಳೆಗೆ ಅಣೆಕಟ್ಟು ಹಾಕಿ ಕೆರೆ ಮಾಡಿದ. ಸೇತುವೆಯ ಕೆಳಗಿನ ಕೋಣೆಗಳು ಮುಳುಗಿದವು. ನನಗೇನೋ ಸೇತುವೆಗೆ ಕಳೆ ಬಂದಿದ್ದೇ ಆಗ ಅನ್ನಿಸುತ್ತದೆ.

ಆಮೇಲೆ ದಕ್ಷಿಣದ ಹುಲ್ಲುಹಾಸಿಗೆ ಬನ್ನಿ. ಬ್ರೌನ್‌ಗಿಂತ ಹಿಂದಿನ ತೋಟಗಾರ ಹೆನ್ರಿ ವೈಸ್ ಅಚ್ಚುಕಟ್ಟಾಗಿ ಹಾಕಿದ್ದ ದೊಡ್ಡ ತೋಟ ಇದ್ದದ್ದು ಅಲ್ಲಿ. ಬ್ರೌನ್ ತೆಗೆಸಿದ್ದು ಅದನ್ನೇ. ಪೂರ್ವದ ಇಟಾಲಿಯನ್ ಗಾರ್ಡನ್ ಕೂಡ ದುಶೇನ್‌ದೇ. ಕೊನೆಗೆ ಪಶ್ಚಿಮದ ವಾಟರ್ ಟೆರೇಸ್ ನೋಡಿ.

ನೀವು ಹೇಳಿದ ಅರಮನೆಯ ಹಳೇ ಚಿತ್ರ ನಾನು ನೋಡಿಲ್ಲ, ಸುಮ್ನೆ ಊಹೆ: ಅದರಲ್ಲಿ ಕೆರೆ ಇಲ್ಲದಿದ್ದರೆ ಅದು ಬ್ರೌನ್‌ಗಿಂತ ಹಿಂದಿನದು. ಕೆರೆಯೇ ಮೊದಲು ಅನ್ನೋದು ಪಕ್ಕಾ ಆಗಬೇಕಾದರೆ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟ್‌ನಲ್ಲಿ 19ನೇ ಶತಮಾನದ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆ) ನಕ್ಷೆ ತೆರೆದು, ಅರಮನೆ ಪಕ್ಕದ ಊರು ವುಡ್‌ಸ್ಟಾಕ್ ಅಂತ ಹುಡುಕಿ. ಉಚಿತವಾಗಿ ಸಿಗುತ್ತದೆ. ಕೆರೆ ಕಾಣಿಸುತ್ತದೆ, ವಾಟರ್ ಟೆರೇಸ್ ಇರುವುದಿಲ್ಲ.