ಬಾಲಕ್ಕೆ ಗಾಳಿ ತುಂಬಬೇಡಿ

ಉದ್ದ ಬಲೂನನ್ನು ಗುಳ್ಳೆ ಗುಳ್ಳೆಯಾಗಿ ತಿರುಚಿ ಗೊಂಬೆ ಮಾಡುವುದರ ಬಗ್ಗೆ ಹೋದ ತಿಂಗಳು ಈ ಪುಟದಲ್ಲಿ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಐದಕ್ಕೆ ಈಗ ಉತ್ತರ. ಹೊಸದಾಗಿ ಓದುವವರಿಗೆ ಹೇಳುತ್ತೇನೆ, ನಾನು ಬಳ್ಳಾರಿಯವಳು. ಹನ್ನೊಂದು ವರ್ಷ ಜೀನ್ಸ್ ಹೊಲಿದೆ. ಈಗ ಹುಟ್ಟುಹಬ್ಬ, ಜಾತ್ರೆ, ಶಾಲೆಯ ವಾರ್ಷಿಕೋತ್ಸವ ಅಂತ ಬಲೂನು ಹಿಡಿದು ಓಡಾಡುತ್ತೇನೆ.

ಪ್ರಶ್ನೆ: ನಾಯಿ ಮಾಡಲು ಕೂತರೆ ಮೂರನೇ ಗುಳ್ಳೆಗೇ ಬಲೂನು ಢಬ್ ಅಂತ ಒಡೆಯುತ್ತದೆ. ನೂರರ ಪೊಟ್ಟಣದಲ್ಲಿ ಮೂವತ್ತು ಹೋಯಿತು. ತಪ್ಪು ಬಲೂನಿನದೋ ನನ್ನ ಕೈಯದೋ?
– ಶಾಲಾ ಶಿಕ್ಷಕಿ, ಸಿಂಧನೂರು

ಟೀಚರ್, ನಿಮ್ಮ ಕೈ ಚೆನ್ನಾಗಿಯೇ ಇದೆ. ನೀವು ತುದಿಯವರೆಗೂ ಗಾಳಿ ತುಂಬುತ್ತಿದ್ದೀರಿ ಅಂತ ಕಾಣುತ್ತದೆ. ಬಲೂನು ಪೂರ್ತಿ ಉಬ್ಬಿದರೆ ಕಣ್ಣಿಗೆ ಚೆಂದ, ನಿಜ. ಆದರೆ ಒಂದೊಂದು ಸಲ ತಿರುಚಿದಾಗಲೂ ಒಳಗಿನ ಗಾಳಿ ಮುಂದಕ್ಕೆ ಸರಿಯಬೇಕು. ಸರಿಯಲು ಜಾಗ ಇಲ್ಲದಿದ್ದರೆ ರಬ್ಬರ್ ತಡೆದುಕೊಳ್ಳುವುದಿಲ್ಲ. ನಾಯಿಗೆ ಒಂಬತ್ತು ಗುಳ್ಳೆ ಬೇಕು, ಅಂದರೆ ಒಂಬತ್ತು ಸಲ ಗಾಳಿ ಸರಿಯಬೇಕು.

ಅದಕ್ಕೇ ಕೊನೆಯಲ್ಲಿ ಬಾಲ ಬಿಡಬೇಕು. ಬಾಲ ಅಂದರೆ ಗಾಳಿ ಹೋಗದೆ ಜೋತುಬಿದ್ದಿರುವ ಸಣ್ಣ ತುದಿ. ಕೈ ಪಳಗಿದವರು ನಾಲ್ಕು ಬೆರಳು ಬಿಡುತ್ತಾರೆ. ನೀವು ಸದ್ಯಕ್ಕೆ ಆರು ಬೆರಳು ಬಿಡಿ. ಗುಳ್ಳೆ ಮಾಡುತ್ತಾ ಹೋದಂತೆ ಆ ಬಾಲ ತಾನಾಗಿ ಗಿಡ್ಡವಾಗುವುದು ಕಾಣಿಸುತ್ತದೆ. ಒಮ್ಮೆ ಅದನ್ನೇ ನೋಡುತ್ತಾ ಮಾಡಿ, ಉಳಿದದ್ದು ನಿಮಗೇ ಹೊಳೆಯುತ್ತದೆ.

ಇನ್ನೊಂದು ಕೆಲಸ ಇದೆ. ತುಂಬಾ ಜನ ಮಾಡುವುದೇ ಇಲ್ಲ. ಗಾಳಿ ತುಂಬಿದ ಮೇಲೆ ಗಂಟು ಹಾಕುವ ಮುಂಚೆ, ಬಾಯಿಯ ಹತ್ತಿರ ಸ್ವಲ್ಪ ಗಾಳಿ ಬಿಟ್ಟುಬಿಡಿ. ಪುಸ್ ಅಂತ ಒಂದು ಚೂರು ಸಾಕು. ಆಮೇಲೆ ಗಂಟಿನ ಕಡೆಯ ಭಾಗ ಹಿಚುಕಿ ನೋಡಿ. ಮೆತ್ತಗಿರಬೇಕು, ಕಲ್ಲಿನ ಹಾಗೆ ಇರಬಾರದು. ಮೊದಲ ಗುಳ್ಳೆ ಒಡೆಯುವುದು ಅಲ್ಲಿ ಬಿಗಿ ಜಾಸ್ತಿ ಆದಾಗಲೇ. ಉಗುರು ಕತ್ತರಿಸಿಕೊಳ್ಳಿ, ಉಂಗುರ ತೆಗೆದಿಡಿ.

ಗಾಳಿ ತುಂಬಲು ಬಾಯಿ ಬೇಡ. ಈ ಬಲೂನಿಗೆ ಅಂಗಡಿಯಲ್ಲಿ 260 ಅಂತ ಕೇಳಬೇಕು. ತುಂಬಿದಾಗ 2 ಇಂಚು ದಪ್ಪ, 60 ಇಂಚು ಉದ್ದ, ಅದಕ್ಕೆ ಆ ಹೆಸರು. ಇಷ್ಟು ಸಣ್ಣ ಕೊಳವೆಯನ್ನು ಊದಿ ಉಬ್ಬಿಸಲು ಹೋದರೆ ಕೆನ್ನೆ, ಕಿವಿ ಎರಡೂ ನೋಯುತ್ತವೆ. ಎಳೆದಾಗಲೂ ಒತ್ತಿದಾಗಲೂ ಗಾಳಿ ಬರುವ ಕೈಪಂಪು ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ಒಂದು ಗುಳ್ಳೆ ಮಾಡಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಬಿಚ್ಚಿಕೊಳ್ಳುತ್ತದೆ. ಟೇಪು ಅಂಟಿಸಬೇಕೇ?
– ಪಿಯುಸಿ ವಿದ್ಯಾರ್ಥಿ, ಮಾನ್ವಿ

ಟೇಪು ಬೇಡ ತಮ್ಮಾ. ಹೊಲಿಗೆ ದಾರ ನೋಡಿದ್ದೀಯಲ್ಲ, ಅದರ ಹುರಿ ಒಂದೇ ದಿಕ್ಕಿಗೆ ಇರುತ್ತದೆ. ಎದುರು ದಿಕ್ಕಿಗೆ ತಿರುವಿದರೆ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ಬಲೂನೂ ಹಾಗೆಯೇ. ಮೊದಲ ಗುಳ್ಳೆಯನ್ನು ನಿನ್ನಿಂದ ಆಚೆಗೆ ತಿರುಗಿಸಿದ್ದರೆ ಕೊನೆಯವರೆಗೂ ಆಚೆಗೇ ತಿರುಗಿಸು. ಒಂದು ಸುತ್ತು ಸಾಲದು, ಮೂರು ಸುತ್ತು ಬೇಕು. ಗಂಟು ಯಾವಾಗಲೂ ಎಡಗೈಯಲ್ಲಿ, ಬಾಲ ಬಲಗೈಯ ಕಡೆಗೆ ಇರಲಿ. ಆಗ ದಿಕ್ಕು ತಪ್ಪುವುದಿಲ್ಲ.

ಆದರೆ ಇಷ್ಟಾದರೂ ಒಂಟಿ ಗುಳ್ಳೆ ತಾನಾಗಿ ನಿಲ್ಲುವುದಿಲ್ಲ. ಮೂರು ಗುಳ್ಳೆ ಆಗುವವರೆಗೆ ಮೊದಲನೆಯದನ್ನೂ ಕೊನೆಯದನ್ನೂ ಬೆರಳಲ್ಲಿ ಹಿಡಿದೇ ಇರಬೇಕು. ನಡುವಿನದು ಎಲ್ಲೂ ಓಡಿಹೋಗುವುದಿಲ್ಲ, ಬಿಡು. ಮೂರಾದ ಮೇಲೆ ಎರಡನೆಯದನ್ನೂ ಮೂರನೆಯದನ್ನೂ ಅಕ್ಕಪಕ್ಕ ಮಡಚಿ, ಅವೆರಡರ ಬುಡವನ್ನು ಸೇರಿಸಿ ಮೂರು ಸುತ್ತು ತಿರುಚು. ಇದೇ ಬೀಗ. ಮೊದಲ ಗುಳ್ಳೆ ಮೂತಿ, ಮಡಚಿದ ಎರಡೂ ಕಿವಿ. ಇನ್ನು ಕೈ ಬಿಟ್ಟರೂ ಬಿಚ್ಚುವುದಿಲ್ಲ. ಕತ್ತು ಮತ್ತು ಮುಂಗಾಲಿಗೆ ಮತ್ತೆ ಇದೇ, ಹೊಟ್ಟೆ ಮತ್ತು ಹಿಂಗಾಲಿಗೆ ಮತ್ತೆ ಇದೇ. ನಾಯಿ ಅಂದರೆ ಮೂರು ಬೀಗ, ಅಷ್ಟೇ.

ಪ್ರಶ್ನೆ: ಮಗಳಿಗೆ ಮೂರು ವರ್ಷ. ಬಲೂನು ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುತ್ತದೆ. ಕೊಡಬಹುದಾ?
– ಒಬ್ಬ ತಾಯಿ, ಗಂಗಾವತಿ

ಅಕ್ಕಾ, ರಬ್ಬರ್ ಒಂದಕ್ಕೊಂದು ಅಂಟಬಾರದು ಅಂತ ಹಾಕುವ ಪುಡಿ ಅದು. 1824ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಎರಡು ರಬ್ಬರ್ ಹಾಳೆ ಸೇರಿಸಿ ಬಲೂನು ಮಾಡಿದಾಗಲೂ ಒಳಗೆ ಹಿಟ್ಟು ಸವರಿದ್ದರು, ಇದೇ ಕಾರಣಕ್ಕೆ. ಕೈ ತೊಳೆಸಿದರೆ ಆಯಿತು. ಮೈಗೆ ತುರಿಕೆ, ದದ್ದು ಬಂದರೆ ಮಾತ್ರ ಬಲೂನು ದೂರ ಇಡಿ, ಡಾಕ್ಟರಿಗೆ ತೋರಿಸಿ. ಕೆಲವರಿಗೆ ರಬ್ಬರ್ ಆಗಿಬರುವುದಿಲ್ಲ.

ನನಗೆ ಭಯ ಇರುವುದು ಪುಡಿಯದ್ದಲ್ಲ, ಒಡೆದ ಚೂರಿನದು. ಮಕ್ಕಳು ಅದನ್ನು ಬಾಯಿಗೆ ಹಾಕಿ ಚೀಪುತ್ತಾರೆ. ಗಂಟಲಿಗೆ ಹೋದರೆ ಅದು ಮೆತ್ತಗೆ ಅಂಟಿಕೊಂಡು ಉಸಿರೇ ಕಟ್ಟಿಸಿಬಿಡುತ್ತದೆ. ಗಾಳಿ ತುಂಬದ ಬಲೂನೂ ಅಷ್ಟೇ ಅಪಾಯ. ಎಂಟು ವರ್ಷದೊಳಗಿನ ಮಕ್ಕಳ ಕೈಗೆ ದೊಡ್ಡವರಿಲ್ಲದೆ ಕೊಡಲೇಬೇಡಿ. ಮೂರು ವರ್ಷದ ಮಗುವಿಗೆ ನಾನು ಗೊಂಬೆ ಮಾಡಿದರೆ ಅಮ್ಮನ ಕೈಗೆ ಕೊಡುತ್ತೇನೆ, ಮಗು ನೋಡಿ ಖುಷಿಪಡಲಿ. ಕಾರ್ಯಕ್ರಮ ಮುಗಿದ ಮೇಲೆ ನೆಲದ ಮೇಲಿನ ಚೂರೆಲ್ಲ ಆರಿಸಿಕೊಂಡೇ ಏಳುತ್ತೇನೆ.

ಪ್ರಶ್ನೆ: ಮೇ ತಿಂಗಳಲ್ಲಿ ಮದುವೆಗೆ ಆರ್ಡರ್ ಬಂದಿದೆ. ಹಿಂದಿನ ದಿನವೇ ಮಾಡಿ ಇಟ್ಟುಕೊಳ್ಳಬಹುದೇ?
– ಹೊಸದಾಗಿ ಈ ಕೆಲಸಕ್ಕೆ ಇಳಿದವರು, ರಾಯಚೂರು

ಮನೆಯೊಳಗೆ ತಂಪಾಗಿ ಇಟ್ಟರೆ ಒಂದು ರಾತ್ರಿ ತಡೆಯುತ್ತವೆ. ತೊಂದರೆ ಬರುವುದು ಸಾಗಿಸುವಾಗ. ಮೊದಲ ವರ್ಷ ನಾನು ನಲವತ್ತು ನಾಯಿ ಮಾಡಿ, ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮಧ್ಯಾಹ್ನ ಹನ್ನೆರಡಕ್ಕೆ ಆಟೋ ಹತ್ತಿದೆ. ಮೋತಿ ಸರ್ಕಲ್ ದಾಟುವಷ್ಟರಲ್ಲಿ ಒಂದರ ಹಿಂದೆ ಒಂದು ಒಡೆಯತೊಡಗಿದವು. ಆಟೋದವರು ಗಾಬರಿಯಾಗಿ ಗಾಡಿ ನಿಲ್ಲಿಸಿದರು. ಆರ್ಡರ್ ಕೊಟ್ಟವರ ಮನೆ ಮುಟ್ಟಿದಾಗ ಉಳಿದದ್ದು ಹದಿನೇಳು. ಆ ಮನೆಯ ಮಗು ಚೀಲದೊಳಗೆ ಇಣುಕಿ ನೋಡಿದ್ದು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ನಮ್ಮ ಕಡೆಯ ಬೇಸಿಗೆ ನಿಮಗೆ ಹೇಳಬೇಕಾಗಿಲ್ಲ, ನಲವತ್ತು ಡಿಗ್ರಿ ಮಾಮೂಲು. ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ. ಬಿಸಿಲಿಗೆ ರಬ್ಬರ್ ಬಲ ಕಳೆದುಕೊಳ್ಳುತ್ತದೆ. ಹೊಳೆಯುವ ಬಲೂನು ಬಿಸಿಲಲ್ಲಿ ಸ್ವಲ್ಪ ಹೊತ್ತು ಇದ್ದರೆ ಮಂಜು ಮುಸುಕಿದ ಹಾಗೆ ಮಬ್ಬಾಗುತ್ತದಲ್ಲ, ಅದೇ ಗುರುತು. ಈಗ ನಾನು ಬೆಳಿಗ್ಗೆ ಏಳಕ್ಕೇ ಸಾಗಿಸುತ್ತೇನೆ, ಇಲ್ಲವೇ ಅಲ್ಲೇ ಕೂತು ಮಾಡುತ್ತೇನೆ. ಬೇಸಿಗೆಯಲ್ಲಿ ಬಾಲ ಎರಡು ಬೆರಳು ಜಾಸ್ತಿ ಬಿಡಿ. ಗಾಳಿ ತುಂಬದ ಪೊಟ್ಟಣವನ್ನೂ ತಗಡಿನ ಶೀಟಿನ ಕೆಳಗೆ ಇಡಬೇಡಿ. ಕಪಾಟಿನಲ್ಲಿ, ಬಟ್ಟೆಯ ನಡುವೆ, ಕತ್ತಲಲ್ಲಿ ಇರಲಿ.

ಪ್ರಶ್ನೆ: ಎಲ್ಲರೂ ನಾಯಿ, ಕತ್ತಿ, ಹೂವು ಇಷ್ಟನ್ನೇ ಮಾಡುತ್ತಾರೆ. ನಮ್ಮದು ಅಂತ ಏನಾದರೂ ಮಾಡಬಹುದಾ?
– ರೈತ, ಸಿರುಗುಪ್ಪ

ಅಣ್ಣಾ, ಈ ಪ್ರಶ್ನೆಗಾಗಿ ಕಾಯುತ್ತಿದ್ದೆ. ಎತ್ತು ಮಾಡಿ.

ಒಂದು ಮಣ್ಣೆತ್ತಿನ ಅಮಾವಾಸ್ಯೆಯ ದಿನ ಪಕ್ಕದ ಮನೆಯ ಹುಡುಗ ಕೈತುಂಬ ಕೆಸರು ಮೆತ್ತಿಕೊಂಡು ಬಂದು, ನಾನು ಮಾಡಿಟ್ಟ ನಾಯಿಯನ್ನು ನೋಡಿ, "ಅಕ್ಕಾ, ಇದಕ್ಕೆ ಕೋಡೇ ಇಲ್ಲಲ್ಲಾ" ಅಂದ. ಅವತ್ತೇ ಕೂತು ಕಲಿತೆ.

ಬಿಳಿ ಬಲೂನು ತೆಗೆದುಕೊಳ್ಳಿ. ಆರು ಬೆರಳು ಬಾಲ ಬಿಡಿ. ಮೂತಿಗೆ ಮೂರು ಬೆರಳು. ಕಿವಿಯ ಜಾಗದಲ್ಲಿ ನಾಲ್ಕು ನಾಲ್ಕು ಬೆರಳಿನ ಎರಡು ಗುಳ್ಳೆ ಮಾಡಿ ಬೀಗ ಹಾಕಿ. ಇವೇ ಕೋಡು. ಒಂದೊಂದನ್ನೂ ಬಿಲ್ಲಿನ ಹಾಗೆ ಬಗ್ಗಿಸಿ, ಅಂಗೈಯಲ್ಲಿ ಮೆಲ್ಲಗೆ ಹಿಚುಕಿ ಬಿಡಿ. ಬಾಗು ಹಾಗೇ ನಿಲ್ಲುತ್ತದೆ. ಕತ್ತಿಗೆ ಎರಡು ಬೆರಳು ಸಾಕು.

ಈಗ ಹಿಣಿಲು, ಅಂದರೆ ಎತ್ತಿನ ಹೆಗಲ ಮೇಲಿನ ಉಬ್ಬು. ನಿಂಬೆಹಣ್ಣಿನಷ್ಟು ಒಂದು ಗುಳ್ಳೆ ಮಾಡಿ. ಅದನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಹೊರಗೆ ಎಳೆಯಿರಿ, ಅದರ ಎರಡೂ ಬುಡ ಒಂದಕ್ಕೊಂದು ತಾಗುವಂತೆ ಸೇರಿಸಿ, ಗುಳ್ಳೆಯನ್ನೇ ಮೂರು ಸುತ್ತು ತಿರುಗಿಸಿ. ಇದನ್ನು ಚಿವುಟು ಅಂತ ನಾನು ಕರೆಯುತ್ತೇನೆ. ಚಿವುಟಿದ ಗುಳ್ಳೆಗೆ ಬೇರೆ ಬೀಗ ಬೇಡ, ತಾನಾಗಿ ಗಟ್ಟಿಯಾಗಿ ಕೂರುತ್ತದೆ. ಎಳೆಯುವಾಗ ಕಿರ್ ಅಂತ ಸದ್ದು ಬರುತ್ತದೆ, ಹೆದರಬೇಡಿ. ಕರಡಿಯ ಕಿವಿಯೂ ಇದರಿಂದಲೇ. ಕೈಗೆ ಬರಲು ನನಗೆ ಒಂದು ವಾರ ಹಿಡಿಯಿತು.

ಹಿಣಿಲು ಮೇಲೆ ಮಾಡಿ, ಕೆಳಗೆ ಮುಂಗಾಲು, ಆಮೇಲೆ ಹೊಟ್ಟೆ, ಹಿಂಗಾಲು. ಹೊಟ್ಟೆ ಮಾತ್ರ ನಾಯಿಗಿಂತ ಉದ್ದ ಇರಲಿ, ಆರು ಬೆರಳು.

ಉಳಿದದ್ದು ಬಾಲ. ಗಾಳಿ ಇಲ್ಲದ ತುದಿಯನ್ನು ಒಂದೆರಡು ಸಲ ಎಳೆದು ಸಡಿಲ ಮಾಡಿ. ಆಮೇಲೆ ಬಾಲದ ಬುಡವನ್ನು ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಒತ್ತಿ. ಗಾಳಿ ನಡುವಿನ ಸಣ್ಣ ಭಾಗವನ್ನು ಬಿಟ್ಟು ತುದಿಗೆ ಹಾರಿ, ಅಲ್ಲೊಂದು ಪುಟ್ಟ ಗುಂಡು ಮೂಡುತ್ತದೆ. ಎತ್ತಿನ ಬಾಲದ ಕುಚ್ಚು ಥೇಟ್ ಹಾಗೇ ಇರುತ್ತದೆ, ಅಲ್ವಾ?

ಮಾರ್ಕರ್ ಪೆನ್ನಿನಲ್ಲಿ ಕಣ್ಣು ಬರೆಯಿರಿ, ಒತ್ತಿ ಬರೆಯಬೇಡಿ. ಕೋಡಿಗೆ ಕೆಂಪು ರಿಬ್ಬನ್ ಕಟ್ಟಿ. ಮಗುವಿಗೆ ಕೊಡುವಾಗ ಎರಡು ಕೊಡಿ. ಮಣ್ಣೆತ್ತನ್ನೂ ನಾವು ಜೋಡಿಯಾಗಿಯೇ ಮಾಡುತ್ತೇವೆ.