ಎಲ್‌ಟಿ ನೋಡಿಕೊಳ್ಳುವ ಹುಡುಗ ಎಚ್‌ಟಿ ಪ್ಯಾನೆಲ್ಲನ್ನೂ ನೋಡಿಕೊಂಡರೆ ಸಾಕಾ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗೆ 11 ಕೆವಿ (11,000 ವೋಲ್ಟ್) ಸಂಪರ್ಕ ತಗೊಳ್ತಿದ್ದೀರಿ, ಮೀಡಿಯಂ ವೋಲ್ಟೇಜ್ (ನಾವು ಎಚ್‌ಟಿ ಅನ್ನೋದು) ಪ್ಯಾನೆಲ್ಲಿಗೂ ಲೋ ವೋಲ್ಟೇಜ್ (ಎಲ್‌ಟಿ) ಪ್ಯಾನೆಲ್ಲಿಗೂ ಏನು ಫರಕು, ಒಬ್ಬನೇ ಎರಡನ್ನೂ ನೋಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡೋನು. ಬೇರೆ ತರಬೇತಿ ಇಲ್ಲದೆ ಬೇಡ್ರಿ.

ಮೊದಲು ಹೆಸರಿನ ಗೊಂದಲ. 1956ರ ವಿದ್ಯುತ್ ನಿಯಮಗಳಲ್ಲಿ 250 ದಾಟಿ 650 ವೋಲ್ಟ್‌ವರೆಗಿನದು ಮೀಡಿಯಂ ಆಗಿತ್ತು. ಹಳೇ ವೈರ್‌ಮನ್‌ಗಳು ಈಗಲೂ 415ಕ್ಕೆ ಹಾಗೇ ಅಂತಾರೆ. ಕ್ಯಾಟಲಾಗ್‌ಗಳಲ್ಲಿ 1000 ವೋಲ್ಟ್‌ವರೆಗೆ ಲೋ; 11, 33 ಕೆವಿ ಮೀಡಿಯಂ. ಕೊಟೇಶನ್‌ನಲ್ಲಿ ಅಂಕಿಯನ್ನೇ ಬರೆಸಿಕೊಳ್ಳಿ.

250 ಕೆವಿಎ ಟ್ರಾನ್ಸ್‌ಫಾರ್ಮರ್‌ಗೆ 11 ಕೆವಿ ಕಡೆ ಹರಿಯೋದು ಸುಮಾರು 13 ಆಂಪಿಯರ್, 433 ವೋಲ್ಟ್ ಕಡೆ 333. ಹಾಗಾಗಿ ಎಲ್‌ಟಿಯಲ್ಲಿ ಶತ್ರು ಬಿಸಿ: ಸಡಿಲ ಬೋಲ್ಟು, ಕಪ್ಪಾದ ಬಸ್‌ಬಾರ್ (ಕರೆಂಟ್ ಹರಿಯುವ ಲೋಹದ ಪಟ್ಟಿ). ಎಚ್‌ಟಿಯಲ್ಲಿ ಇನ್ಸುಲೇಶನ್ ಕೆಡಿಸುವ ಧೂಳು, ತೇವ, ಹಲ್ಲಿ.

ನಿಜವಾದ ಫರಕು ಇನ್ನೊಂದಿದೆ. ಎಲ್‌ಟಿಯ ಎಂಸಿಸಿಬಿ ಅನ್ನೋ ಬ್ರೇಕರ್‌ಗೆ ಕಣ್ಣು, ಬುದ್ಧಿ, ಕೈ ಮೂರೂ ಒಂದೇ ಡಬ್ಬಿಯೊಳಗೆ. ಶಾರ್ಟ್ ಆದರೆ ತಾನೇ ಬೀಳುತ್ತದೆ. ಎಚ್‌ಟಿಯ ವಿಸಿಬಿ (ವ್ಯಾಕ್ಯೂಮ್ ಬ್ರೇಕರ್) ಸಾಮಾನ್ಯವಾಗಿ ಹಾಗಲ್ಲ. ಕರೆಂಟ್ ಅಳೆಯುವ ಸಿಟಿ ನೋಡಬೇಕು, ರಿಲೇ ನಿರ್ಧರಿಸಬೇಕು, ಬ್ರೇಕರ್ ಬೀಳಿಸಲು ಟ್ರಿಪ್ ಕಾಯಿಲ್ ಎಳೆಯಬೇಕು. ಆ ಕಾಯಿಲ್‌ಗೆ ಡಿಸಿ ಬ್ಯಾಟರಿ ಬೇಕು.

ಒಂದು ಕಾರ್ಖಾನೆಯಲ್ಲಿ ಕೇಬಲ್ ಸುಟ್ಟಾಗ ಹೋಗಿದ್ದೆ. ವಿಸಿಬಿ ಆನ್‌ನಲ್ಲೇ ಇತ್ತು. ಲೈನ್ ಕಡಿತವಾಗಿದ್ದು ಮೇಲಿನ ಸಬ್‌ಸ್ಟೇಶನ್‌ನಲ್ಲಿ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಹೂವಿನಂತೆ ಅರಳಿತ್ತು, ಬೆರಳಿಂದ ಮುಟ್ಟಿದರೆ ಲಗ್ (ವೈರಿನ ತುದಿಯ ಲೋಹದ ತುಂಡು) ಕೈಗೇ ಬಂತು. ಪ್ಯಾನೆಲ್ ದೀಪಗಳು ಮಾತ್ರ ದಿನಾ ಉರಿಯುತ್ತಿದ್ದವು, ಏಕೆಂದರೆ ಎಸಿ ಮೇಲೆ ಓಡುವ ಬ್ಯಾಟರಿ ಚಾರ್ಜರ್ ಅವನ್ನು ನಡೆಸುತ್ತಿತ್ತು. ಶಾರ್ಟ್ ಆದ ಕ್ಷಣ ಎಸಿ ವೋಲ್ಟೇಜ್ ಕುಸಿಯಿತು, ಚಾರ್ಜರ್ ಸತ್ತಿತು, ಟ್ರಿಪ್ ಮಾಡಲು ಶಕ್ತಿಯೇ ಉಳಿಯಲಿಲ್ಲ. ಆ ಹೊತ್ತಿಗೆ ಕೇಬಲ್ ಪಕ್ಕ ಯಾರೂ ಇರಲಿಲ್ಲ. ಅದನ್ನ ನೆನೆಸಿದರೆ ಈಗಲೂ ಮೈ ಜುಂ ಅನ್ನುತ್ತದೆ.

ಇನ್ನೊಂದು, ಎಚ್‌ಟಿಯಲ್ಲಿ ಆಫ್ ಮಾಡಿದ ಮಾತ್ರಕ್ಕೆ ಕೈ ಹಾಕಬಾರದು. ಕೇಬಲ್ ಚಾರ್ಜ್ ಹಿಡಿದಿಟ್ಟಿರುತ್ತದೆ. ಲೈನ್ ಇಲ್ಲ ಅಂತ ಪರೀಕ್ಷಿಸಿ, ಅರ್ತ್ ಹಾಕಿದ ಮೇಲೇ ಬಾಗಿಲು ತೆಗೀಬೇಕು.

ನಿಮ್ಮ ಹುಡುಗನನ್ನು ಕಲಿಸಿಯೇ ಇಟ್ಟುಕೊಳ್ಳಿ. ಪ್ಯಾನೆಲ್ ಬಂದ ದಿನ ಸಪ್ಲೈಯರ್ ಎದುರಿಗೇ ಚಾರ್ಜರ್ ಆಫ್ ಮಾಡಿಸಿ, ಬರೀ ಬ್ಯಾಟರಿ ಮೇಲೆ ರಿಲೇಯಿಂದ ಟ್ರಿಪ್ ಮಾಡಿಸಿ ನೋಡ್ರಿ. ಆಮೇಲೆ ಶಟ್‌ಡೌನ್ ಸಿಕ್ಕಾಗಲೆಲ್ಲ ಅದನ್ನೇ ಮಾಡಿಸಿ, ತಾರೀಖು ರಿಜಿಸ್ಟರ್‌ನಲ್ಲಿ ಬರೆಸಿ.