ಕರಾಟೆ ಚಾಂಪಿಯನ್ ಹಿರೋಕಾಜು ಕನಜಾವಾ ಅಂತರರಾಷ್ಟ್ರೀಯ ತರಬೇತುದಾರರಾದದ್ದು ಹೇಗೆ?

ಜಪಾನಿನ ಇವಾಟೆಯಲ್ಲಿ 1931ರಲ್ಲಿ ಹುಟ್ಟಿದ ಕನಜಾವಾ, ಟಕುಶೋಕು ವಿಶ್ವವಿದ್ಯಾಲಯದಲ್ಲಿ ಓದುವಾಗ ಕರಾಟೆಯ ಒಂದು ಶೈಲಿಯಾದ ಶೋಟೋಕಾನ್ ಕಲಿತರು.

ಅವರ ಹೆಸರು ಮನೆಮಾತಾದದ್ದು 1957ರಲ್ಲಿ, ಜಪಾನ್ ಕರಾಟೆ ಅಸೋಸಿಯೇಷನ್ನಿನ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ. ಸ್ಪರ್ಧೆಗೆ ಕೆಲವೇ ದಿನಗಳಿರುವಾಗ ಕೈ ಮುರಿಯಿತು. ಹಿಂದೆ ಸರಿಯಲು ಮನಸ್ಸು ಮಾಡಿದ್ದರು. ಆದರೆ ಮಗನ ಆಟ ನೋಡಲೆಂದೇ ಊರಿನಿಂದ ಬಂದಿದ್ದ ತಾಯಿ, ಇನ್ನೊಂದು ಕೈ, ಎರಡು ಕಾಲು ಇವೆಯಲ್ಲ ಎಂದರಂತೆ. ಅವರು ಕಣಕ್ಕಿಳಿದರು, ಕುಮಿತೆಯಲ್ಲಿ, ಅಂದರೆ ಎದುರುಬದುರು ಕಾದಾಟದಲ್ಲಿ, ಗೆದ್ದೇಬಿಟ್ಟರು! ಮರುವರ್ಷ ಟಕಾಯುಕಿ ಮಿಕಾಮಿ ಜೊತೆ ಕುಮಿತೆ ಪ್ರಶಸ್ತಿ ಹಂಚಿಕೊಂಡರು. ಕಟಾ, ಅಂದರೆ ಎದುರಾಳಿಯಿಲ್ಲದೆ ನಿಗದಿತ ಚಲನೆಗಳನ್ನು ಮಾಡಿ ತೋರಿಸುವ ವಿಭಾಗದ ಪ್ರಶಸ್ತಿಯೂ ಅವರಿಗೇ ಸಂದಿತು.

ಚಾಂಪಿಯನ್ನರೆಲ್ಲ ಒಳ್ಳೆಯ ಗುರುಗಳಾಗುವುದಿಲ್ಲ; ಇವರು ಆದರು. ಅಸೋಸಿಯೇಷನ್ ಅವರನ್ನು 1961ರಲ್ಲಿ ಕರಾಟೆ ಕಲಿಸಲು ಹವಾಯಿಗೆ ಕಳುಹಿಸಿತು. 1965ರಲ್ಲಿ ಸಹ ತರಬೇತುದಾರರಾದ ಕಾಸೆ, ಎನೊಎಡಾ, ಶಿರಾಯ್ ಜೊತೆ ಯುರೋಪಿಗೆ ಹೋದರು. ಬ್ರಿಟನ್, ಜರ್ಮನಿಗಳಲ್ಲಿ ಶೋಟೋಕಾನ್ ಬೇರೂರಲು ಅವರ ದುಡಿಮೆ ಬಹುದೊಡ್ಡದು.

ಮುಂದೆ ಅಸೋಸಿಯೇಷನ್ನಿನಿಂದ ಹೊರಬಂದು ತಮ್ಮದೇ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಚೀನಾದ ನಿಧಾನಗತಿಯ ಸಮರಕಲೆ ತೈ ಚಿಯನ್ನೂ ಅಭ್ಯಾಸ ಮಾಡಿ, ಉಸಿರಾಟ ಮತ್ತು ಸಡಿಲ ಚಲನೆಗೆ ಒತ್ತು ಕೊಟ್ಟರು. ನನ್ನ ಮಟ್ಟಿಗೆ ಅವರ ಬೋಧನೆಯ ನಿಜವಾದ ಬಲ ಅದೇ. 2019ರಲ್ಲಿ, 88ನೇ ವಯಸ್ಸಿನಲ್ಲಿ ನಿಧನರಾದರು.